ಮುಳ್ಳಯ್ಯನಗಿರಿಯ ಗುಡಿಯಿಂದ ಆಚೆಗೂ ಬೆಟ್ಟ ಇದೆ ಕಣೋ

ಪ್ರೀತಿಯ ಗೆಳೆಯಾ,

ಮುಳ್ಳಯ್ಯನಗಿರಿಗೆ ಹೋಗಿದ್ದೆ, ಬರೀ ಜನ, ಬರೀ ಮಂಜು, ನೋಡೋಕೆ ಏನೂ ಇಲ್ಲ ಅಂತ ಬರೆದಿದ್ದೀಯಲ್ಲ, ಓದಿ ನಿಜವಾಗಿಯೂ ಬೇಜಾರಾಯಿತು. ನೀನು ನೋಡಿದ್ದು ಕಾರು ನಿಲ್ಲಿಸುವ ಜಾಗ, ಮೆಟ್ಟಿಲು ಮತ್ತು ಗುಡಿ ಅಷ್ಟೇ. 1,930 ಮೀಟರ್ ಎತ್ತರ, ರಾಜ್ಯದಲ್ಲೇ ದೊಡ್ಡದು, ಫೋಟೋ ಆಯಿತು, ಇಳಿದೆವು. ಹೆಚ್ಚಿನವರು ಮಾಡುವುದು ಇದನ್ನೇ.

ಹೋದ ಡಿಸೆಂಬರಿನಲ್ಲಿ ನಾವೊಂದು ಗುಂಪು ಸರ್ಪದಾರಿ ಅನ್ನುವ ಕಾಲುದಾರಿಯಲ್ಲಿ ಹತ್ತಿ, ಅಲ್ಲಿಂದ ಬೆಟ್ಟದ ಏಣಿನ, ಅಂದರೆ ಉದ್ದಕ್ಕೂ ಚಾಚಿದ ನೆತ್ತಿಯ, ಮೇಲೇ ಬಾಬಾಬುಡನ್‌ಗಿರಿ ಕಡೆಗೆ ನಡೆದೆವು. ಬೆಳಿಗ್ಗೆ ಬೇಗ ಶುರು ಮಾಡಿದರೆ ಒಂದು ಹಗಲಿನ ನಡಿಗೆ. ಗುಡಿ ದಾಟಿ ಸ್ವಲ್ಪ ದೂರ ಹೋಗುತ್ತಿದ್ದಂತೆ ಜನರ ಸದ್ದೇ ಇಲ್ಲ. ಗಾಳಿ, ಮೊಣಕಾಲೆತ್ತರದ ಹುಲ್ಲು, ಹುಲ್ಲಿನ ನಡುವೆ ಎದ್ದು ನಿಂತ ಬಂಡೆ.

ಆ ಬಂಡೆಗಳ ಬಗ್ಗೆ ಹೇಳಲೇಬೇಕು. ನಮ್ಮ ಜೊತೆ ಭೂವಿಜ್ಞಾನದ ಮೇಷ್ಟ್ರೊಬ್ಬರಿದ್ದರು, ಒಂದು ಕಲ್ಲನ್ನು ಎತ್ತಿ ನನ್ನ ಕೈಗಿಟ್ಟರು, ಅಂದುಕೊಂಡಿದ್ದಕ್ಕಿಂತ ಜಾಸ್ತಿ ಭಾರ. ಒಂದು ಪಟ್ಟೆ ಕೆಂಪು, ಒಂದು ಪಟ್ಟೆ ಕಪ್ಪು. ಕಬ್ಬಿಣ ತುಂಬಿದ ಕಲ್ಲು ಅದು, 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತಿದ್ದು. ಸುತ್ತಲಿನ ಮೆದು ಕಲ್ಲೆಲ್ಲ ಮಳೆಗೆ ಸವೆದು ಹೋಯಿತು, ಇದು ಗಟ್ಟಿ, ಅದಕ್ಕೇ ಏಣಾಗಿ ಉಳಿದಿದೆ. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಇದೇ ಸಾಲಿನ ಕೆಮ್ಮಣ್ಣುಗುಂಡಿಯಿಂದ.

ಕೆಲವು ಕಡೆ ದಾರಿ ಒಬ್ಬರು ಹೋಗುವಷ್ಟೇ ಅಗಲ, ಎರಡೂ ಪಕ್ಕ ಇಳಿಜಾರು. ಮಂಡಿನೋವಿನ ಅಕ್ಕ ಒಬ್ಬರು ಬಂದಿದ್ದರು. ಅವರನ್ನೇ ಮುಂದೆ ಬಿಟ್ಟೆವು, ಅವರು ನಡೆದಷ್ಟೇ ವೇಗ, ಅವರು ಕೂತಾಗ ಎಲ್ಲರೂ ಕೂರುವುದು. ಕಾಲೇಜು ಹುಡುಗರಿಗೆ ಮೊದಮೊದಲು ಚಡಪಡಿಕೆ. ಆಮೇಲೆ ಅವರೇ ಬಂಡೆ ಇಳಿಯುವಾಗ ಕೆಳಗೆ ನಿಂತು ಒಬ್ಬೊಬ್ಬರಿಗೂ ಕೈ ಕೊಟ್ಟು, ಕಾಲು ಎಲ್ಲಿಡಬೇಕು ಅಂತ ತೋರಿಸಿದರು. ಮಂಜು ಕವಿದಾಗ ಹೆಸರು ಕೂಗಿ, ಓಗೊಟ್ಟ ಮೇಲೇ ಮುಂದಿನ ಹೆಜ್ಜೆ. ಗುಂಪಲ್ಲಿ ಹೋಗುವುದೆಂದರೆ ಹೀಗೆ ಹೋಗಬೇಕು ಅಂತ ನನಗನಿಸುತ್ತದೆ, ಬಲ ಇದ್ದವರು ಮುಂದೆ ಓಡಿ ತುದಿಯಲ್ಲಿ ಕಾಯುವುದು ಜೊತೆ ನಡೆದಂತೆ ಅಲ್ಲ.

ಮಂಜು ಹರಿದಾಗ ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ಅಕ್ಕಿರೊಟ್ಟಿ, ಬಾಳೆಹಣ್ಣು. ಆಗ ಮೇಷ್ಟ್ರು ಕೈ ಚಾಚಿ ತೋರಿಸಿದ್ದು ಕೇಳು, ನಿನಗೆ ಸಂಬಂಧಪಟ್ಟಿದ್ದು. ಈ ಸಾಲಿನ ಒಳಗಿರುವ ಜಾಗರ ಕಣಿವೆಗೆ ಇಳಿದ ನೀರು ಭದ್ರೆ ಸೇರುತ್ತದೆ. ದಕ್ಷಿಣಕ್ಕೆ ಯಗಚಿಯಾಗಿ ಹರಿದದ್ದು ಹೇಮಾವತಿಗೆ, ಅಲ್ಲಿಂದ ಕಾವೇರಿಗೆ. ಪೂರ್ವಕ್ಕೆ ಇಳಿದದ್ದು ಅಯ್ಯನಕೆರೆ ತುಂಬಿಸಿ, ವೇದಾವತಿಯಾಗಿ ಬಯಲುಸೀಮೆ ದಾಟಿ ನಿಮ್ಮ ಹಿರಿಯೂರಿನ ಮಾರಿಕಣಿವೆ ಜಲಾಶಯಕ್ಕೆ. ನೀನು ಈಜು ಕಲಿತ ನೀರು ಕಣೋ ಅದು! ಮಳೆಗಾಲದ ನೀರನ್ನು ಹೀರಿ ನಿಧಾನವಾಗಿ ಕೆಳಗೆ ಬಿಡುವುದು ಈ ಹುಲ್ಲು ಮತ್ತು ಬೆಟ್ಟದ ಮಡಿಲಲ್ಲಿರುವ ಶೋಲಾ ಅನ್ನುವ ಗಿಡ್ಡ ಮರಗಳ ದಟ್ಟ ಕಾಡು. ಬರೀ ಬೋಳು ಗುಡ್ಡ ಅಂತ ಕೆಲವರು ಅಂತಾರೆ, ನನಗೆ ಸಿಟ್ಟೇ ಬರುತ್ತದೆ. 2022ರಲ್ಲಿ ಇಲ್ಲಿ ಹಲವು ವರ್ಷಕ್ಕೊಮ್ಮೆ ಬರುವ ಕುರಿಂಜಿ ಹೂ ಅರಳಿದಾಗ ಗಿಡಗಳ ನಡುವೆ ನುಗ್ಗಿ, ಹೂ ಕಿತ್ತು ಫೋಟೋ ತೆಗೆಸಿಕೊಂಡವರೂ ಇದ್ದರು. ಅದಕ್ಕೇ ನಾವು ಕಾಲುದಾರಿ ಬಿಟ್ಟು ಎಲ್ಲೂ ಹರಡಿಕೊಳ್ಳಲಿಲ್ಲ, ತಂದ ಪ್ಲಾಸ್ಟಿಕ್ ಎಲ್ಲ ವಾಪಸ್ ತಂದೆವು.

ಸಂಜೆ ಬಾಬಾಬುಡನ್‌ಗಿರಿಯಲ್ಲಿ ಬಿಸಿ ಕಾಫಿ. ಯೆಮನ್‌ನಿಂದ ಏಳು ಕಾಫಿ ಬೀಜ ತಂದರಂತೆ ಬಾಬಾ ಬುಡನ್, ಆ ಕತೆ ನಿನಗೆ ಗೊತ್ತೇ ಇದೆ.

ಈ ಸಲ ಕಾರು ಬಿಟ್ಟು ಬಾ. ಮಳೆಗಾಲದಲ್ಲಿ ಬೇಡ, ಬಂಡೆ ಜಾರುತ್ತದೆ, ರಕ್ತ ಹೀರುವ ಇಂಬಳದ ಕಾಟ ಬೇರೆ. ಹಿಡಿತ ಇರುವ ಶೂ, ಟೋಪಿ, ಗಾಳಿ ತಡೆಯುವ ಜಾಕೆಟ್ ಇರಲಿ. ನೀರು ಜಾಸ್ತಿ ತಗೋ, ಏಣಿನ ಮೇಲೆ ಸಿಗುವುದಿಲ್ಲ. ಅರಣ್ಯ ಇಲಾಖೆಯವರ ಅನುಮತಿ ಮೊದಲೇ ಕೇಳಬೇಕು, ಅದು ನನಗಿರಲಿ. ನಿನ್ನ ಅಪ್ಪನೂ ಬರುತ್ತಾರಾ ಕೇಳು, ಅವರನ್ನು ಮುಂದೆ ಬಿಟ್ಟು ನಾವು ಹಿಂದೆ ನಡೆಯೋಣ. ರಜೆ ಯಾವಾಗ ಸಿಗುತ್ತದೆ ಅಂತ ಬೇಗ ತಿಳಿಸು.

ನಿನ್ನ ಗೆಳೆಯ