ಪೂರ್ತಿ ಫುಟೇಜ್ ಪೋಡಿಗೆ ಸೇರಲಿ

ಮಾನ್ಯ ಸಂಪಾದಕರೇ,

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ (ಕಾಡಿನ ಊರುಗಳಿಗೆ), ನಾಗರಹೊಳೆಯ ಜೇನುಕುರುಬರ ಹಾಡಿಗಳಿಗೆ ಕ್ಯಾಮೆರಾ ಹಿಡಿದು ಬರುವವರಲ್ಲಿ ಒಂದು ಕೋರಿಕೆ. ಅರ್ಧ ಗಂಟೆಯ ಸಾಕ್ಷ್ಯಚಿತ್ರಕ್ಕೆ ನಲವತ್ತು ಗಂಟೆ ಚಿತ್ರೀಕರಿಸುವುದು ಹೊಸದೇನಲ್ಲ. ಅರ್ಧ ಗಂಟೆ ಚಿತ್ರೋತ್ಸವಕ್ಕೆ ಹೋಗುತ್ತದೆ, ಮಿಕ್ಕಿದ್ದು ಊರಾಚೆ ಯಾರದೋ ಹಾರ್ಡ್ ಡಿಸ್ಕ್‌ನಲ್ಲಿ ಕೊಳೆಯುತ್ತದೆ. ಪೋಡಿನ ಜನಕ್ಕೆ ಬೇಕಾಗಿರುವುದು ಆ ಮಿಕ್ಕಿದ್ದೇ.

ಅರಣ್ಯ ಹಕ್ಕು ನಿಯಮಗಳ 13ನೇ ನಿಯಮವು ಸ್ಮಶಾನ, ಬಾವಿ, ಪೂಜಾಸ್ಥಳಗಳನ್ನೂ ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯನ್ನೂ ಕಾಡಿನ ಮೇಲಿನ ಹಕ್ಕು ಕೋರುವ ಅರ್ಜಿಗೆ ಸಾಕ್ಷ್ಯವೆಂದು ಒಪ್ಪುತ್ತದೆ. ಎತ್ತಂಗಡಿಯಾದ ಪೋಡಿನ ಜಾಗದಲ್ಲಿ ಅಜ್ಜಿಯೊಬ್ಬರು ನಡೆಯುತ್ತಾ ಒಲೆಯ ಕಲ್ಲು, ಮಾವನ ಸಮಾಧಿ, ನೀರಿನ ಗುಂಡಿ ತೋರಿಸುವ ಎಂಟು ನಿಮಿಷದ ಶಾಟ್ ಸಂಕಲನದಲ್ಲಿ ಹತ್ತು ಸೆಕೆಂಡಿಗೆ ಇಳಿದುಬಿಡುತ್ತದೆ. ಆ ಎಂಟು ನಿಮಿಷವನ್ನು ಅಕ್ಷರಕ್ಕಿಳಿಸಿ ಹೆಬ್ಬೆಟ್ಟು ಒತ್ತಿಸಿದರೆ ಅದು ಗ್ರಾಮಸಭೆಯ ಕಡತಕ್ಕೆ ಸೇರುತ್ತದೆ.

ಕೆನಡಾದಲ್ಲಿ 1990ರಲ್ಲಿ ಗಾಲ್ಫ್ ಮೈದಾನ ವಿಸ್ತರಣೆಯ ವಿರುದ್ಧ ಮೊಹಾಕ್ ಎಂಬ ಮೂಲನಿವಾಸಿ ಜನ ತಮ್ಮ ಪೈನ್ ತೋಪಿಗಾಗಿ 78 ದಿನ ಎದೆಯೊಡ್ಡಿ ನಿಂತರು. ಅಬೆನಾಕಿ ಎಂಬ ಇನ್ನೊಂದು ಮೂಲನಿವಾಸಿ ಸಮುದಾಯದ ನಿರ್ದೇಶಕಿ ಅಲಾನಿಸ್ ಒಬೊಮ್ಸಾವಿನ್ ಆ ಹೋರಾಟದ ಬಗ್ಗೆ ಮುಂದಿನ ಹತ್ತು ವರ್ಷಗಳಲ್ಲಿ ನಾಲ್ಕು ಚಿತ್ರ ಮಾಡಿದರು. ಮೊದಲ ಚಿತ್ರ ಮುಗಿದೊಡನೆ ಉಳಿದ ಫುಟೇಜ್ ಕೈಬಿಟ್ಟಿದ್ದರೆ ಇದು ಆಗುತ್ತಿರಲಿಲ್ಲ.

ಇದೇನೂ ದುಬಾರಿಯ ಕೆಲಸವಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಚಿತ್ರೀಕರಣ ಗಂಟೆಗೆ 45 ಜಿಬಿ, ನಲವತ್ತು ಗಂಟೆಗೆ 1.8 ಟಿಬಿ. 2 ಟಿಬಿಯ ಎರಡು ಡಿಸ್ಕ್ ಸಾಕು: ಒಂದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯ ಬಳಿ, ಇನ್ನೊಂದು ಬೇರೆ ಊರಲ್ಲಿ. ಎರಡನ್ನೂ ಒಂದೇ ಬೀರುವಿನಲ್ಲಿಟ್ಟರೆ ಒಂದೇ ಮಳೆಗಾಲದ ತೇವಕ್ಕೆ ಎರಡೂ ಹೋದಾವು. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟು ವರ್ಷಕ್ಕೊಮ್ಮೆ ಕಂಪ್ಯೂಟರಿಗೆ ಜೋಡಿಸಿ ನೋಡಬೇಕು. ಮೂಲ ಫೈಲುಗಳು ಮೊಬೈಲಿನಲ್ಲಿ ತೆರೆಯದಿರಬಹುದು, ಹಾಗಾಗಿ 720ಪಿ ಎಂಪಿ4 ಪ್ರತಿಯೊಂದು ಪೆನ್‌ಡ್ರೈವ್‌ನಲ್ಲಿರಲಿ. ಎಲ್ಲಕ್ಕಿಂತ ಮುಖ್ಯ, ಕನ್ನಡದಲ್ಲಿ ಬರೆದ ಪಟ್ಟಿ: ಯಾರು, ಎಲ್ಲಿ, ಯಾವತ್ತು, ಏನು ಹೇಳಿದರು. ಬರೀ 'ಸಿ0001' ಎಂಬ ಫೈಲ್ ಹೆಸರಿನಿಂದ ಹತ್ತು ವರ್ಷದ ನಂತರ ಯಾರಿಗೂ ಏನೂ ತಿಳಿಯದು.

ಹಾಡಿನ ಮಾತು ಬೇರೆ. ಸೋಲಿಗರ ಗೊರುಕಾನ ಕುಣಿತವನ್ನು ಬರೀ ಕ್ಯಾಮೆರಾ ಮೈಕಿನಲ್ಲಿ ಹಿಡಿದರೆ ಗಾಳಿ, ಹೆಜ್ಜೆ ಸದ್ದಿನಲ್ಲಿ ಪದಗಳು ಮುಳುಗುತ್ತವೆ. ಮುಂದಾಳು ಹಾಡುಗಾರರ ಎದೆಗೊಂದು ಕಾಲರ್ ಮೈಕ್ ಸಿಕ್ಕಿಸಿ. ಕುಣಿತ ಮುಗಿದ ಮೇಲೆ ಅವರನ್ನೇ ಕೂರಿಸಿ ಅದೇ ಹಾಡನ್ನು ನಿಧಾನವಾಗಿ ಹಾಡಿಸಿ.

ನಾಟಿ ಮದ್ದಿನ ವಿಷಯದಲ್ಲಂತೂ ತುಂಬಾ ಎಚ್ಚರ ಬೇಕು. ಜೀವವೈವಿಧ್ಯದ ಪಾರಂಪರಿಕ ಜ್ಞಾನದ ಮೇಲಿನ ಹಕ್ಕು ಸಮುದಾಯದ್ದೆಂದು 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(1)(ಕೆ) ಹೇಳುತ್ತದೆ. ಬೇರು, ತೊಗಟೆ, ಅಳತೆ ಎಲ್ಲವೂ ಯೂಟ್ಯೂಬ್‌ಗೆ ಹೋದ ಮೇಲೆ ವಾಪಸ್ ತರಲಾಗದು. ಆದ್ದರಿಂದ ಒಪ್ಪಿಗೆಯನ್ನು ಮೂರು ಸಲ ಕೇಳಿ: ಚಿತ್ರೀಕರಣಕ್ಕೆ ಮುಂಚೆ, ಕಚ್ಚಾ ಸಂಕಲನವನ್ನು ಪೋಡಿನಲ್ಲಿ ತೋರಿಸಿದ ಮೇಲೆ, ಆನ್‌ಲೈನ್‌ಗೆ ಹಾಕುವ ಮುನ್ನ. ಸಂಗೀತ, ಸಬ್‌ಟೈಟಲ್ ಎಲ್ಲ ಮುಗಿಸಿ ತೋರಿಸುವುದು ಕೇಳಿದಂತಲ್ಲ. ಆಗ ತೆಗೆಯಿರಿ ಎಂದರೂ ತೆಗೆಯಲು ಹಣವಿರುವುದಿಲ್ಲ.

ಸಾಕ್ಷ್ಯಚಿತ್ರಗಳಿಗೆ ಹಣ ಕೊಡುವ ಅಕಾಡೆಮಿಗಳು, ಇಲಾಖೆಗಳು, ಪ್ರತಿಷ್ಠಾನಗಳು ಕರಾರಿನಲ್ಲಿ ಒಂದು ಸಾಲು ಸೇರಿಸಲಿ: ಪೂರ್ತಿ ಫುಟೇಜ್ ಮತ್ತು ಪಟ್ಟಿ ತಲುಪಿದೆಯೆಂದು ಗ್ರಾಮಸಭೆ ರಸೀದಿ ಕೊಟ್ಟ ಮೇಲೆಯೇ ಕೊನೆಯ ಕಂತು ಬಿಡುಗಡೆ.

– ಸಾಕ್ಷ್ಯಚಿತ್ರ ಸಂಕಲನಕಾರರು, ಮೈಸೂರು