ರಘು, ಆ ಡ್ರಾಮಾ ನೀನು ಪೂರ್ತಿ ನೋಡಬೇಕು

ರಘೂ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಲ್ಲಿ ಕೂತಿದೆ. "ದುರಂಗಾ ನೋಡಿಯಾಯ್ತು ಮಾರಾಯ, ಅದೇ ಕಥೆ. ಗಂಡ ಕೊಲೆಗಾರನೋ ಅಲ್ಲವೋ ಅಂತ ತಿಳಿಯೋಕೆ ಮತ್ತೆ ಹದಿನಾರು ಎಪಿಸೋಡು ಯಾಕೆ?" ಅಂದೆ. ನೀನು ನೋಡಿದ ದುರಂಗಾ ಹಿಂದಿ ರೀಮೇಕು, ನಾನು ನೋಡು ಅಂದಿದ್ದು ಅದರ ಮೂಲ, 'ಫ್ಲವರ್ ಆಫ್ ಈವಿಲ್' ಅನ್ನುವ ಕೊರಿಯನ್ ಡ್ರಾಮಾ. ಅಷ್ಟರಲ್ಲಿ ನಿನ್ನ ಬಸ್ ಬಂತು. ನಾನು ಹೇಳಬೇಕಾದ್ದು ಹಾಗೇ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದುವ ಹಾಗೆ ಯಾಕೆ ಹಾಕಿದೆ ಅಂತ ಓದುತ್ತಾ ಹೋದರೆ ನಿನಗೇ ಗೊತ್ತಾಗುತ್ತದೆ. ಬೇರೆ ಯಾರಾದರೂ ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ, ಕಥೆಯ ಗುಟ್ಟುಗಳೆಲ್ಲ ಇದರಲ್ಲಿ ಬರುತ್ತವೆ.

'ಫ್ಲವರ್ ಆಫ್ ಈವಿಲ್'. ದಕ್ಷಿಣ ಕೊರಿಯಾದ ಟಿವಿಎನ್ ಚಾನೆಲ್ಲಿನಲ್ಲಿ 2020ರ ಜುಲೈ 29ಕ್ಕೆ ಶುರುವಾಗಿ ಸೆಪ್ಟೆಂಬರ್ 23ಕ್ಕೆ ಮುಗಿದ ಡ್ರಾಮಾ. ಹೆಸರು ಕೇಳಿದಾಗ ನನಗೆ ಲಂಕೇಶರ 'ಪಾಪದ ಹೂಗಳು' ನೆನಪಾಯಿತು. ಲಂಕೇಶರು ಕನ್ನಡಕ್ಕೆ ತಂದ ಫ್ರೆಂಚ್ ಕವಿ ಬೋದಿಲೇರನ ಪುಸ್ತಕದ ಹೆಸರನ್ನೇ ಇವರೂ ಇಟ್ಟುಕೊಂಡಿದ್ದಾರೆ. ನಾವು ನೋಡಿದ್ದು ತಡವಾಗಿ, ಹೋದ ಮಳೆಗಾಲದಲ್ಲಿ. ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆದಿಟ್ಟು ಸುಮಾ, ನಾನು ದಿನಕ್ಕೊಂದು ಎಪಿಸೋಡು ನೋಡುತ್ತಿದ್ದೆವು. ಒಂದೊಂದೂ ಒಂದು ಗಂಟೆಗೂ ಜಾಸ್ತಿ. ನಡುವೆ ಕರೆಂಟು ಹೋದರೆ ಕತ್ತಲಲ್ಲೇ ಕೂತು, ಅವಳಿಗೆ ಗೊತ್ತಾಯ್ತಾ, ಇನ್ನೂ ಇಲ್ವಾ ಅಂತ ಇಬ್ಬರೂ ಮಾತಾಡುತ್ತಿದ್ದೆವು.

ದುರಂಗಾದ ಬಗ್ಗೆ ನನಗೆ ಬೇಜಾರಿಲ್ಲ. ಅದರ ನಾಯಕ ಗುಲ್ಶನ್ ದೇವಯ್ಯ ನಮ್ಮ ಬೆಂಗಳೂರಿನವರು, ಕೊಡವರು ಅಂತಲೇ ನೀನು ನೋಡಿದ್ದು. ಚೆನ್ನಾಗಿಯೇ ಮಾಡಿದ್ದಾರೆ. ಆದರೆ ನೀನು 2022ರ ಮೊದಲ ಸೀಸನ್ ನೋಡಿ ನಿಲ್ಲಿಸಿದವನು. ಅಲ್ಲಿಗೆ ಕಥೆಯ ಹೊಟ್ಟೆ ಇನ್ನೂ ತೆರೆದಿರುವುದಿಲ್ಲ. ಮೂಲದಲ್ಲಿ ಆ ಮನೆಯ ದಿನಗಳನ್ನು ಅವಸರವಿಲ್ಲದೆ ತೋರಿಸುತ್ತಾರೆ. ಗಂಡ ಅಡುಗೆ ಮಾಡುವುದು, ಮಗಳು ಉನ್-ಹಾಳನ್ನು ರೆಡಿ ಮಾಡುವುದು, ಹೆಂಡತಿ ಚಾ ಜಿ-ವಾನ್ ಡ್ಯೂಟಿ ಮುಗಿಸಿ ಸುಸ್ತಾಗಿ ಬರುವುದು. ಅವಳು ಕೊಲೆ ಕೇಸುಗಳನ್ನು ನೋಡುವ ಪೊಲೀಸ್ ಡಿಟೆಕ್ಟಿವ್. ಅವನು ಲೋಹದ ಕುಸುರಿ ಕೆಲಸದವನು, ಹೆಸರು ಬೇಕ್ ಹೀ-ಸಂಗ್. ಹಾಗಂತ ಅವಳು ನಂಬಿದ್ದಾಳೆ. 14 ವರ್ಷದ ಪ್ರೀತಿ. ಮೊದಲು ಹಿಂದೆ ಬಿದ್ದವಳೂ ಅವಳೇ.

ಮೊದಲ ಎಪಿಸೋಡಿನಲ್ಲೇ ಒಂದು ದೃಶ್ಯ ಇದೆ. ಅವನು ಒಬ್ಬನೇ ಕೂತು ವಿಡಿಯೋ ನೋಡಿಕೊಂಡು ಮುಖದ ಭಾವಗಳನ್ನು ಕಲಿಯುತ್ತಿರುತ್ತಾನೆ. ಹೀಗೆ ತುಟಿ ಎಳೆದರೆ ಸಂತೋಷ, ಹೀಗೆ ಹುಬ್ಬು ಮಾಡಿದರೆ ದುಃಖ ಅಂತ, ಪರೀಕ್ಷೆಗೆ ಓದುವ ಹುಡುಗನ ಹಾಗೆ. ಸುಮಾ "ಅಯ್ಯೋ ಇವನೇ ಕಣ್ರೀ" ಅಂದಳು. ನನಗೂ ಮೈ ಜುಂ ಅಂದಿತು. ಎಂಟೋ ಹತ್ತೋ ದಿನ ಕಳೆದ ಮೇಲೆ ಅದೇ ದೃಶ್ಯ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಅವನು ಕಲಿಯುತ್ತಿದ್ದದ್ದು ಮೋಸ ಮಾಡಲಿಕ್ಕೆ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೆವು. ಹೆಂಡತಿ ಮಗಳ ಎದುರು ತನ್ನ ಮುಖ ಖಾಲಿ ಕಾಣಬಾರದು ಅನ್ನುವ ಪಾಡು ಅದು ಅಂತ ನಮಗೆ ಹೊಳೆದೇ ಇರಲಿಲ್ಲ.

ಅವನ ನಿಜವಾದ ಹೆಸರು ಡೊ ಹ್ಯೂನ್-ಸೂ. ಅಪ್ಪ ಸಾಲು ಕೊಲೆ ಮಾಡಿದವನು. ಅಪ್ಪ ಸತ್ತ ಮೇಲೆ ಊರಿನವರ ಕಣ್ಣೆಲ್ಲ ಮಗನ ಮೇಲೆ. ಹುಡುಗ ಅಳುವುದಿಲ್ಲ, ನಗುವುದಿಲ್ಲ, ಆದ್ದರಿಂದ ಅಪ್ಪನ ದೆವ್ವ ಇವನ ಮೈಮೇಲೆ ಬಂದಿದೆ. ಅವನನ್ನು ಎಳೆದು ತಂದು ದೆವ್ವ ಬಿಡಿಸುತ್ತಾರೆ. ಕೊರಿಯಾದಲ್ಲಿ ಇದಕ್ಕೆ 'ಗುತ್' ಅನ್ನುತ್ತಾರೆ, ಶಾಮನ್ನರು, ಅಂದರೆ ದೇವರು ದೆವ್ವಗಳ ಜೊತೆ ಮಾತಾಡುವ ಪೂಜಾರಿಗಳು, ನಡೆಸುವ ಪೂಜೆ. ಡೋಲು, ಕೂಗು, ಸುತ್ತಲೂ ಜನ. ನಮ್ಮ ಕಡೆ ಮೈಮೇಲೆ ಬಂದವರಿಗೆ ಬೇವಿನ ಸೊಪ್ಪಿನಲ್ಲಿ ಹೊಡೆಯುವುದನ್ನು ಕಂಡವರಿಗೆ ಆ ದೃಶ್ಯ ವಿವರಿಸಬೇಕಿಲ್ಲ. ಆಮೇಲೆ ಊರಿನ ಮುಖಂಡನ ಕೊಲೆಯಾಗುತ್ತದೆ. ಹುಡುಗ ಓಡಿಹೋಗುತ್ತಾನೆ. ಓಡಿಹೋದ ಅಂದಮೇಲೆ ಅವನೇ ಮಾಡಿದ್ದು, ಅಲ್ವಾ? ಮಾಡಿದ್ದು ಅವನಲ್ಲ. ಅಕ್ಕ ಹೇ-ಸೂ ತನ್ನನ್ನು ಉಳಿಸಿಕೊಳ್ಳಲು ಹೋಗಿ ಆದ ಕೊಲೆ ಅದು. ಅವಳ ಬದಲು ತಾನು ಹೊತ್ತುಕೊಂಡ. ಮನಸ್ಸೇ ಇಲ್ಲದವನು ಅಂತ ಊರೆಲ್ಲ ಬೈದ ಹುಡುಗ ಮಾಡಿದ್ದು ಇದು.

ಮುಂದೆ ಒಂದು ಕಾರು ಅವನಿಗೆ ಗುದ್ದುತ್ತದೆ. ಓಡಿಸುತ್ತಿದ್ದವನು ಆಸ್ಪತ್ರೆಯ ನಿರ್ದೇಶಕರ ಮಗ, ನಿಜವಾದ ಬೇಕ್ ಹೀ-ಸಂಗ್. ಆ ಮಗ ಕೋಮಾಕ್ಕೆ ಹೋದಾಗ ಅಪ್ಪ ಅಮ್ಮ ಅವನನ್ನು ಮನೆಯಲ್ಲೇ ಬಚ್ಚಿಟ್ಟು ಅವನ ಹೆಸರನ್ನು ಇವನಿಗೆ ಕೊಡುತ್ತಾರೆ. ನಿನಗೆ ಇದು ಸಿನಿಮಾ ಥರ ಅನ್ನಿಸಿತ್ತು. ಆದರೆ ಕೊರಿಯಾದಲ್ಲಿ 1968ರಿಂದಲೇ ಪ್ರತಿಯೊಬ್ಬರಿಗೂ ನಿವಾಸಿ ನೋಂದಣಿ ಸಂಖ್ಯೆ ಇದೆ, ನಮ್ಮ ಆಧಾರ್ ಹುಟ್ಟುವುದಕ್ಕೆ ನಲವತ್ತು ವರ್ಷ ಮೊದಲು. 17 ತುಂಬಿದವರು ಹತ್ತೂ ಬೆರಳ ಗುರುತು ಕೊಟ್ಟು ಕಾರ್ಡ್ ಮಾಡಿಸಬೇಕು. ಅಂಥ ದೇಶದಲ್ಲಿ ಬೇರೆ ಹೆಸರಿನಲ್ಲಿ ಬದುಕುವುದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಒಂದು ಇಡೀ ಮನೆ ದಿನವೂ ಸುಳ್ಳು ಹೇಳಬೇಕು. ಅತ್ತೆ ಮಾವ ಸೊಸೆಯನ್ನೂ ಮೊಮ್ಮಗಳನ್ನೂ ಅಷ್ಟು ದೂರ ಇಡುವುದು ಯಾಕೆ ಅಂತ ಗೊತ್ತಾದಾಗ ಹಿಂದಿನ ಊಟದ ದೃಶ್ಯಗಳೆಲ್ಲ ಬೇರೆಯೇ ಕಾಣುತ್ತವೆ.

ಇದೆಲ್ಲ ಬರೀ ಕಥೆ ಅಂತ ನೀನು ಅನ್ನಬೇಡ. ಕೊರಿಯಾದ ಹ್ವಾಸಂಗ್ ಅನ್ನುವ ಊರಿನ ಕಡೆ ನಡೆದ ಸಾಲು ಕೊಲೆಗಳ ಬಗ್ಗೆ ಕೇಳಿದ್ದೀಯಲ್ಲ? 1986ರಿಂದ 1991ರವರೆಗೆ ಹತ್ತು ಹೆಂಗಸರ ಕೊಲೆ. ಕೊನೆಗೆ 2019ರಲ್ಲಿ ಡಿಎನ್ಎ ಹೊಂದಿದ್ದು ಯಾರಿಗೆ ಅಂದರೆ, ಹೆಂಡತಿಯ ತಂಗಿಯನ್ನು ಕೊಂದು 1994ರಿಂದ ಜೈಲಿನಲ್ಲೇ ಇದ್ದ ಒಬ್ಬ ಮನುಷ್ಯನಿಗೆ. ಅವನಿಗೂ ಮದುವೆಯಾಗಿತ್ತು, ಮಗು ಇತ್ತು. ಜೈಲಿನಲ್ಲಿ ಒಳ್ಳೆಯ ನಡತೆಯ ಕೈದಿ ಅಂತ ಹೆಸರು. ಅವನು 14 ಕೊಲೆ ಒಪ್ಪಿಕೊಂಡ, ಆದರೆ ಹಳೇ ಕೇಸುಗಳಿಗೆ ಕಾಲಮಿತಿ ಮುಗಿದಿತ್ತು, ಅವುಗಳಿಗೆ ಶಿಕ್ಷೆ ಕೊಡಲು ಆಗಲಿಲ್ಲ. ಕೊಲೆ ಕೇಸಿಗೆ ಕಾಲಮಿತಿ ಇರಬಾರದು ಅಂತ ಕೊರಿಯಾ ಕಾನೂನು ಬದಲಿಸಿದ್ದು 2015ರಲ್ಲಿ. ಅದೂ ಅಷ್ಟರೊಳಗೆ ಅವಧಿ ಮುಗಿಯದೇ ಉಳಿದ ಕೇಸುಗಳಿಗೆ ಮಾತ್ರ. ಡ್ರಾಮಾದ ಹ್ಯೂನ್-ಸೂ 18 ವರ್ಷ ಆದರೂ ತಪ್ಪಿಸಿಕೊಂಡೇ ಇರಬೇಕಾಗಿದ್ದು ಯಾಕೆ ಅಂತ ಇದರಿಂದ ಅರ್ಥವಾಗುತ್ತದೆ.

ಅದೇ ಹ್ವಾಸಂಗಿನ ಎಂಟನೇ ಕೊಲೆಗೆ ಪೊಲೀಸರು ಬೇರೊಬ್ಬನನ್ನು ಹಿಡಿದಿದ್ದರು. ಪೋಲಿಯೋದಿಂದ ಒಂದು ಕಾಲು ಸರಿಯಿಲ್ಲದ, ಹೊಲದ ಯಂತ್ರಗಳನ್ನು ರಿಪೇರಿ ಮಾಡುವ ಬಡ ಹುಡುಗ. ನಿದ್ದೆ ಮಾಡಲು ಬಿಡದೆ ಒಪ್ಪಿಸಿದರು. 20 ವರ್ಷ ಜೈಲಿನಲ್ಲಿ ಕಳೆದ. ತಾನು ಕೊಂದಿಲ್ಲ ಅಂತ ಕೋರ್ಟ್ ಹೇಳುವುದನ್ನು ಅವನು ಕೇಳಿದ್ದು 2020ರ ಡಿಸೆಂಬರ್ 17ರಂದು, ಈ ಡ್ರಾಮಾ ಮುಗಿದು ಮೂರು ತಿಂಗಳಿಗೆ. ನಿಜವಾಗಿ ಕೊಂದವನು ಒಳ್ಳೆಯ ಕೈದಿ, ಏನೂ ಮಾಡದವನು ಕೊಲೆಗಾರ. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ ಕಣೋ.

ಮತ್ತೆ ಡ್ರಾಮಾಕ್ಕೆ ಬರುತ್ತೇನೆ. ನಡುವಿನ ಎಪಿಸೋಡುಗಳು ನನಗೆ ಎಲ್ಲಕ್ಕಿಂತ ಇಷ್ಟ. ಗಂಡ ಯಾರು ಅಂತ ಜಿ-ವಾನ್‌ಗೆ ಗೊತ್ತಾಗಿದೆ. ಗೊತ್ತಾಗಿದೆ ಅಂತ ಅವನಿಗೆ ಗೊತ್ತಿಲ್ಲ. ಈಗ ನಟಿಸಬೇಕಾದವಳು ಅವಳು. ಬಾಗಿಲು ತೆಗೆದು ಒಳಗೆ ಬರುವ ಮೊದಲು ಮುಖ ಸರಿಮಾಡಿಕೊಳ್ಳಬೇಕು, ಊಟಕ್ಕೆ ಕೂರಬೇಕು, ಮಗಳ ಎದುರು ನಗಬೇಕು. ಇಷ್ಟು ವರ್ಷ ಅವನು ಒಬ್ಬನೇ ಮಾಡಿದ ಕೆಲಸ ಅವಳ ಪಾಲಿಗೂ ಬಂತು. ಜಿ-ವಾನ್ ಪಾತ್ರದ ಮೂನ್ ಚೇ-ವಾನ್ ಅಲ್ಲಿ ಹೇಗೆ ಮಾಡಿದ್ದಾಳೆ ಅಂದರೆ, ಕಣ್ಣಲ್ಲಿ ಸಿಟ್ಟು, ಭಯ, ಅದರ ಅಡಿಯಲ್ಲಿ ಹಳೇ ಪ್ರೀತಿ, ಮೂರೂ ಒಟ್ಟಿಗೆ ಕಾಣುತ್ತವೆ. ಅವಳ ಕೆಲಸವೇ ಸಾಕ್ಷಿ ನೋಡುವುದು. ಒಂದು ಕಡೆ ಸ್ಟೇಷನ್ನಿನ ಫೈಲು, ಅದರಲ್ಲಿ ಊರಿನವರು ಹೇಳಿದ್ದೆಲ್ಲ ಇದೆ. ಇನ್ನೊಂದು ಕಡೆ ತಾನು ಕಣ್ಣಾರೆ ಕಂಡ ಮನುಷ್ಯ. ಮಗಳಿಗೆ ಅವನು ಎಂಥ ಅಪ್ಪ ಅಂತ ಅವಳಿಗೆ ಯಾರೂ ಹೇಳಬೇಕಿಲ್ಲ. ಇವೆರಡರಲ್ಲಿ ಯಾವುದನ್ನು ನಂಬಬೇಕು? ಅವಳು ಸುಮ್ನೆ ಗಂಡನ ಪರ ನಿಂತುಬಿಡುವುದಿಲ್ಲ, ಅದು ನನಗೆ ಹಿಡಿಸಿತು. ಅಳುತ್ತಲೇ ಹುಡುಕುತ್ತಾಳೆ.

ಗಂಡನ ಪಾತ್ರ ಮಾಡಿದ ಲೀ ಜೂನ್-ಗಿ ಬಗ್ಗೆ ಒಂದೇ ಮಾತು. ತನಗೆ ಪ್ರೀತಿ ಅಂದರೇನು ಗೊತ್ತಿಲ್ಲ ಅಂತ ನಂಬಿಕೊಂಡೇ ಬದುಕಿದವನು ಒಂದು ಕಡೆ ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಾನೆ. ತಾನು ಅಳುತ್ತಿರುವುದಕ್ಕೆ ಅವನಿಗೇ ಗಾಬರಿ. ಸುಮಾ ಟಿವಿ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದಳು. ನಿರ್ದೇಶಕ ಕಿಮ್ ಚೊಲ್-ಗ್ಯುಗೆ ಕೊರಿಯಾದ ಟಿವಿ, ಸಿನಿಮಾದವರಿಗೆ ಕೊಡುವ 2021ರ ಬೇಕ್‌ಸಂಗ್ ಪ್ರಶಸ್ತಿ ಬಂದಿದ್ದು ಇಂಥ ಕಡೆ ಕ್ಯಾಮೆರಾವನ್ನು ಅಲ್ಲಾಡದೆ ಬಿಟ್ಟಿದ್ದಕ್ಕೇ ಅಂತ ನನ್ನ ಲೆಕ್ಕ.

ಎಲ್ಲವೂ ಸರಿಯಾಗಿದೆ ಅಂತ ಹೇಳಲ್ಲ. ಕೊನೆಯಲ್ಲಿ ಗುಂಡು ತಗುಲಿ ಅವನಿಗೆ ಆ ವರ್ಷಗಳ ನೆನಪೇ ಹೋಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಅಷ್ಟು ಕಷ್ಟಪಟ್ಟು ಒಬ್ಬರನ್ನೊಬ್ಬರು ಮುಟ್ಟಿದ ಮೇಲೆ ಮತ್ತೆ ಅಳಿಸಿಹಾಕುವುದು ಹಳೇ ದಾರಿ. ಕೊಲೆಗಾರನ ಕೈಯಿಂದ ಉಳಿದು ಬಂದ ಆ ಹೆಂಗಸಿದ್ದಾಳಲ್ಲ, ಟ್ಯಾಕ್ಸಿ ಡ್ರೈವರನ ಹೆಂಡತಿ, ಅವಳಿಗೆ ಇನ್ನೂ ಜಾಗ ಕೊಡಬೇಕಿತ್ತು. ಅವಳದ್ದೇ ಒಂದು ಕಥೆ ಆಗುತ್ತದೆ.

ಈಗ ಇಷ್ಟೆಲ್ಲ ಬರೆದಿದ್ದು ಯಾಕೆ ಅಂತ ಹೇಳುತ್ತೇನೆ. ಡ್ರಾಮಾದಲ್ಲಿ ಕಿಮ್ ಮೂ-ಜಿನ್ ಅಂತ ಒಬ್ಬ ಪತ್ರಕರ್ತ ಬರುತ್ತಾನೆ. ಹ್ಯೂನ್-ಸೂನ ಹಳೇ ಕ್ಲಾಸ್‌ಮೇಟ್. ಶಾಲೆಯಲ್ಲಿ ಅವನನ್ನು ಕಾಡಿದವರಲ್ಲಿ ಇವನೂ ಒಬ್ಬ. ದೊಡ್ಡವನಾದ ಮೇಲೆ ಅದೇ ಕಥೆಯನ್ನು ಬರೆದು ಜನರಿಂದ ಓದಿಸಿದವನು. ಅವನನ್ನು ನೋಡಿದಾಗೆಲ್ಲ ನನಗೆ ನಮ್ಮ ಆರನೇ ಕ್ಲಾಸು ನೆನಪಾಗುತ್ತಿತ್ತು.

ಹಿಂದಿನ ಬೆಂಚಿನ ಹುಡುಗ. ಹೆಸರು ಬರೆಯಲ್ಲ, ನಿನಗೆ ಗೊತ್ತು. ಅವನ ಅಪ್ಪ ಶಿವಮೊಗ್ಗ ಜೈಲಿನಲ್ಲಿದ್ದ. ನನ್ನ ಜಾಮಿಟ್ರಿ ಬಾಕ್ಸ್ ಕಳೆದ ದಿನ "ಮೊದಲು ಇವನ ಚೀಲ ನೋಡಿ ಸಾರ್" ಅಂದಿದ್ದು ನೀನು. ಚೀಲದಲ್ಲಿ ಏನೂ ಸಿಗಲಿಲ್ಲ. ಆದರೂ ಮಾಸ್ತರು ಹೊಡೆದರು. ಅವನು ಅಳಲಿಲ್ಲ, ಗೋಡೆ ನೋಡಿಕೊಂಡು ನಿಂತಿದ್ದ. "ನೋಡು, ಅಳೋದೂ ಇಲ್ಲ, ಕದ್ದು ಅಭ್ಯಾಸ" ಅಂತ ಇಡೀ ಕ್ಲಾಸು ಹೇಳಿತು. ನಾನೂ ಹೇಳಿದೆ. ಮುಂದಿನ ವರ್ಷ ಅವನು ಶಾಲೆಗೆ ಬರಲೇ ಇಲ್ಲ.

ಬಾಕ್ಸ್ ನನಗೆ ನಾಲ್ಕು ದಿನದ ಮೇಲೆ ಸಿಕ್ಕಿತ್ತು ರಘು. ನಮ್ಮ ಮನೆಯ ಜಗಲಿಯಲ್ಲಿ, ಅಡಿಕೆ ಚೀಲಗಳ ಹಿಂದೆ ಬಿದ್ದಿತ್ತು. ನಾನೇ ಅಲ್ಲಿ ಹೋಂವರ್ಕ್ ಮಾಡಿ ಬಿಟ್ಟಿದ್ದು. ಹೇಳಿದರೆ ನನಗೆ ಹೊಡೆಯುತ್ತಾರೆ ಅಂತ ಭಯವಾಯಿತು. ಅಟ್ಟದ ಮೇಲೆ ಬಚ್ಚಿಟ್ಟೆ. ಅಪ್ಪ ಹೊಸದು ಕೊಡಿಸಿದರು. ನಿನಗೆ ಹೇಳಿರಲಿಲ್ಲ, ಸುಮಾಗೂ ಹೇಳಿರಲಿಲ್ಲ. ಕೊನೆಯ ಎಪಿಸೋಡು ಮುಗಿದ ರಾತ್ರಿ ಅವಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು "ಅವನು ಈಗ ಎಲ್ಲಿದ್ದಾನೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಇದನ್ನು ಎಲ್ಲರೂ ಓದುವ ಹಾಗೆ ಹಾಕಿದ್ದೇನೆ. ನಮ್ಮ ಬ್ಯಾಚಿನವರು ಓದುತ್ತಾರೆ. ಅವನು ಕದ್ದಿರಲಿಲ್ಲ ಅಂತ ಅವರಿಗೂ ತಿಳಿಯಲಿ. ಡ್ರಾಮಾ ನೀನು ಯಾವಾಗ ಬೇಕಾದರೂ ನೋಡು, ಆದರೆ ಮೊದಲು ಒಂದು ಕೆಲಸ ಮಾಡು. ಅವನ ಅಜ್ಜಿಮನೆ ನಿಮ್ಮ ಸೋದರಮಾವನ ಊರಿನ ಕಡೆಯೇ ಇತ್ತಲ್ಲ, ಅಲ್ಲಿ ಯಾರನ್ನಾದರೂ ವಿಚಾರಿಸು. ನಂಬರ್ ಸಿಕ್ಕರೆ ಕಳಿಸು. ಫೋನ್ ನಾನು ಮಾಡುತ್ತೇನೆ.

ನಿನ್ನ,
ಶ್ರೀಧರ