ಹೆಸರು ಸೆಂಟ್ರಲ್, ಮನೆ ವರ್ತೂರು: ನಮ್ಮ ಎಂಪಿ ಪಿ.ಸಿ. ಮೋಹನ್ ಅವ್ರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ ಸರ್,

ನಾನು ವರ್ತೂರು ಕಡೆಯವನು, ನಿಮ್ಮ ಕ್ಷೇತ್ರದ ಪೂರ್ವದ ತುದಿ. ನಮ್ಮದು ಬೆಂಗಳೂರು ಸೆಂಟ್ರಲ್ ಅಂದ್ರೆ ನೆಂಟರು ನಗ್ತಾರೆ, ಮೆಜೆಸ್ಟಿಕ್‌ಗೆ ಯಾವಾಗ ಶಿಫ್ಟ್ ಆದ್ರಿ ಅಂತ. ನಗೋದ್ರಲ್ಲಿ ತಪ್ಪೇನಿಲ್ಲ ಬಿಡಿ. ಪಕ್ಕದ ಕೆ.ಆರ್. ಪುರ ಬೆಂಗಳೂರು ಉತ್ತರಕ್ಕೆ ಸೇರತ್ತೆ, ಊರಿನ ಆ ಕಡೆ ಇರೋ ರಾಜಾಜಿನಗರ ಮಾತ್ರ ನಮ್ಮ ಜೊತೆ. ಚಾಮರಾಜಪೇಟೆ ಸೆಂಟ್ರಲ್ಲು, ಅದಕ್ಕೆ ಅಂಟ್ಕೊಂಡಿರೋ ಚಿಕ್ಕಪೇಟೆ ದಕ್ಷಿಣ.

2008ರ ಡಿಲಿಮಿಟೇಶನ್‌ಲಿ, ಅಂದ್ರೆ ಕ್ಷೇತ್ರಗಳ ಗೆರೆ ಮತ್ತೆ ಎಳೆದಾಗ, ಹುಟ್ಟಿದ ಕ್ಷೇತ್ರ ಇದು, 2009ರಿಂದ ನಾಲ್ಕು ಸಲವೂ ನೀವೇ ಗೆದ್ದಿದೀರಿ. ಗೆದ್ದ ಅಂತರ ಮೊದಲ ಸಲ ಸಾಂಗ್ಲಿಯಾನ ಅವ್ರ ಮೇಲೆ 35,218 ವೋಟು, ರಿಜ್ವಾನ್ ಅರ್ಷದ್ ಅವ್ರ ಮೇಲೆ 2014ರಲ್ಲಿ 1,37,500, 2019ರಲ್ಲಿ 70,968, 2024ರಲ್ಲಿ ಮನ್ಸೂರ್ ಅಲಿ ಖಾನ್ ಅವ್ರ ಮೇಲೆ 32,707. ಈ ಕೊನೇ ನಂಬರ್ ಒಂಚೂರು ಬಿಡಿಸಿ ನೋಡಿ ಸರ್. ಎಂಟು ವಿಧಾನಸಭಾ ಕ್ಷೇತ್ರದಲ್ಲಿ ನಿಮಗೆ ನಾಲ್ಕರಲ್ಲಿ ಲೀಡ್ (ಸಿ.ವಿ. ರಾಮನ್ ನಗರ, ಗಾಂಧಿನಗರ, ರಾಜಾಜಿನಗರ, ಮಹದೇವಪುರ), ಮಿಕ್ಕಿದ್ದು ಕಾಂಗ್ರೆಸ್‌ಗೆ. ಸಮಬಲ ಅನ್ಸತ್ತಾ? ನಮ್ಮ ವರ್ತೂರು ಇರೋ ಮಹದೇವಪುರ ಒಂದರಲ್ಲೇ ನಿಮ್ಮ ಲೀಡು 1,14,046, ಅದನ್ನ ಪಕ್ಕಕ್ಕಿಟ್ರೆ ಉಳಿದ ಏಳೂ ಸೇರಿ ನೀವು 80 ಸಾವಿರಕ್ಕೂ ಹೆಚ್ಚು ಹಿಂದೆ.

ಇದು ಪಾರ್ಟಿ ಮಾತಲ್ಲ, ದಯವಿಟ್ಟು ಹಾಗೆ ತಗೋಬೇಡಿ. 2025ರ ಆಗಸ್ಟಲ್ಲಿ ರಾಹುಲ್ ಗಾಂಧಿ ಇದೇ ಮಹದೇವಪುರದ ವೋಟರ್ ಲಿಸ್ಟ್ ಬಗ್ಗೆ ಆರೋಪ ಮಾಡಿದ್ರು, ಚುನಾವಣಾ ಆಯೋಗ ಅದನ್ನ ಒಪ್ಪಲಿಲ್ಲ, ಆ ಜಗಳಕ್ಕೆ ಇಲ್ಲಿ ನಾನು ಕೈ ಹಾಕಲ್ಲ. ನಾನು ಹೇಳ್ತಿರೋದು ಸೈಜಿನ ವಿಷ್ಯ. ಗೆರೆ ಎಳೆದಿದ್ದು 2001ರ ಜನಗಣತಿ ಇಟ್ಕೊಂಡು, ಆಗ ವೈಟ್‌ಫೀಲ್ಡ್, ಮಾರತಹಳ್ಳಿ ಕಡೆ ಇದ್ದ ಜನ ಎಷ್ಟು, ಈಗಿರೋ ಜನ ಎಷ್ಟು ಅಂತ ಹೊರವರ್ತುಲ ರಸ್ತೇಲಿ ಸಂಜೆ ಹೊತ್ತು ನಿಂತವರಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಇವತ್ತು ಮಹದೇವಪುರದ ಮತದಾರರು 6 ಲಕ್ಷ ದಾಟಿದಾರೆ, ಶಿವಾಜಿನಗರದಲ್ಲಿ ಸುಮಾರು 2 ಲಕ್ಷ. ಅವ್ರಿಗೂ ಒಬ್ಬ ಎಂಎಲ್‌ಎ, ನಮಗೂ ಒಬ್ರೇ. ಅಂದ್ರೆ ವಿಧಾನಸೌಧದಲ್ಲಿ ನನ್ನ ವೋಟಿಗೆ ಅಲ್ಲಿನವರ ವೋಟಿನ ಮೂರನೇ ಒಂದು ಪಾಲು ಬೆಲೆ. ಶಿವಾಜಿನಗರದವರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ, ಗಾಂಧಿನಗರದಲ್ಲಿ 2023ರಲ್ಲಿ ಬರೀ 105 ವೋಟಿನ ಅಂತರದಲ್ಲಿ ಎಂಎಲ್‌ಎ ಆಯ್ಕೆ ಆದ್ರು, ಅಲ್ಲಿ ಒಂದೊಂದು ವೋಟಿಗೂ ಎಂಥಾ ತೂಕ ನೋಡಿ.

ನಿಮ್ಮ ಕಷ್ಟನೂ ಗೊತ್ತು. 24 ಲಕ್ಷಕ್ಕೂ ಹೆಚ್ಚು ವೋಟರ್ಸ್, ಸಂಸದರ ನಿಧಿ ಮಾತ್ರ ಎಲ್ಲರ ಥರ ವರ್ಷಕ್ಕೆ 5 ಕೋಟಿ. ಮೊದಲು ಒಂದು ಬಿಬಿಎಂಪಿ ಇತ್ತು, 2025ರ ಸೆಪ್ಟೆಂಬರಿಂದ ಐದು ಪಾಲಿಕೆ, ನಮ್ಮ ಒಂದು ಲೋಕಸಭಾ ಕ್ಷೇತ್ರವೇ ಒಂದಕ್ಕಿಂತ ಹೆಚ್ಚು ಪಾಲಿಕೆಗೆ ಹಂಚಿಹೋಗಿದೆ. ಒಂದು ಚರಂಡಿಗೆ ಯಾವ ಕಮಿಷನರ್‌ಗೆ ಫೋನ್ ಮಾಡ್ಬೇಕು ಅಂತ ನಿಮ್ಮ ಆಫೀಸ್‌ನವರೇ ಮ್ಯಾಪ್ ನೋಡ್ಬೇಕೇನೋ.

ಈಗ ಡಿಲಿಮಿಟೇಶನ್ ಅಂದ್ರೆ ಎಲ್ರ ಬಾಯಲ್ಲೂ ಒಂದೇ ಮಾತು, ಉತ್ತರ ಭಾರತಕ್ಕೆ ಸೀಟು ಜಾಸ್ತಿ ಆಗತ್ತೆ, ದಕ್ಷಿಣ ಭಾರತಕ್ಕೆ ಕಮ್ಮಿ ಅಂತ. ದೊಡ್ಡ ವಿಷ್ಯನೇ, ಇಲ್ಲ ಅನ್ನಲ್ಲ. ಆದ್ರೆ ಊರೊಳಗಿನ ಗೆರೆ ಬಗ್ಗೆ ಚರ್ಚೆನೇ ಇಲ್ಲ. 2002ರ ಡಿಲಿಮಿಟೇಶನ್ ಕಾಯ್ದೆ ಪ್ರಕಾರ ಪ್ರತಿ ರಾಜ್ಯದಿಂದ ಐದು ಎಂಪಿ, ಐದು ಎಂಎಲ್‌ಎ ಗೆರೆ ಎಳೆಯೋ ಡಿಲಿಮಿಟೇಶನ್ ಆಯೋಗದ ಸಹ ಸದಸ್ಯರಾಗಿ ಕೂರೋಕೆ ಅವಕಾಶ ಇತ್ತು, ವೋಟ್ ಹಾಕೋ ಹಕ್ಕಿರ್ಲಿಲ್ಲ, ಮಾತಾಡೋ ಹಕ್ಕಿತ್ತು. ಮುಂದಿನ ಸಲ ಅಂಥದ್ದೊಂದು ಕುರ್ಚಿ ಕೇಳಿ ತಗೊಳ್ಳಿ ಸರ್, ಈ ಕ್ಷೇತ್ರದ ಮೂಲೆ ಮೂಲೆ ನಾಲ್ಕು ಎಲೆಕ್ಷನ್ ಸುತ್ತಿದವರು ನೀವು. ಮಹದೇವಪುರನ ಒಡೀರಿ ಅಂತ ಹೇಳಿ, ಒಡೆದ್ರೆ ನಿಮ್ಮ ಪಾರ್ಟಿ ಲೆಕ್ಕ ಏರುಪೇರಾಗ್ಬಹುದು, ಆದ್ರೂ ಹೇಳಿ.

ಇನ್ನೊಂದು. ಕರಡು ಪ್ರಕಟ ಆದಾಗ ಗೆಜೆಟ್ ಭಾಷೇಲಿ ವಾರ್ಡ್ ನಂಬರ್ ಹಾಕಿ ಬಿಟ್ಟುಬಿಟ್ರೆ ನಮ್ಮಮ್ಮನಂಥವರಿಗೆ ಏನೂ ತಿಳಿಯಲ್ಲ, ಕನ್ನಡದಲ್ಲಿ ರಸ್ತೆ, ಕೆರೆ, ಬಸ್ ಸ್ಟಾಪ್ ಹೆಸರಿರೋ ಮ್ಯಾಪ್ ಹಾಕಿಸಿ. ಆಕ್ಷೇಪಣೆ ಬರ್ಕೊಂಡು ನಾನೇ ಬರ್ತೀನಿ. ವಿಚಾರಣೆ ಮಾತ್ರ ಒಂದ್ಸಲ ವೈಟ್‌ಫೀಲ್ಡ್ ಕಡೆ ಇಡ್ಸಿ ಸರ್, ಅರ್ಧ ದಿನ ರಜ ಹಾಕಿದ್ರೆ ಸಾಕಾಗತ್ತೆ.

ಇಂತಿ,
ವರ್ತೂರಿನ ಒಬ್ಬ ಮತದಾರ